ಹಾಡಿನಲ್ಲಿದ್ದವಳು

ನನ್ನ ಗಂಡ ಹಾಡು ಕಟ್ಟುತ್ತಾರೆ ಎಂಬುದು ನನಗೆ ಗೊತ್ತಾದದ್ದು ಟಿವಿಯವರು ಫೋನ್ ಮಾಡಿದಾಗ. ಅಷ್ಟರಲ್ಲಿ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು.

ನಾನು ಇಂದಿರಾನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಅವರು ಫ್ರಿಜ್, ಎಸಿ ರಿಪೇರಿ ಮಾಡುತ್ತಾರೆ. ನಮ್ಮ ಕ್ಲಿನಿಕ್ಕಿನ ಎಸಿ ಕೆಟ್ಟಾಗ ಬಂದವರು, ಎಸಿ ಸರಿಹೋದ ಮೇಲೂ ಬರುತ್ತಿದ್ದರು. ಹೀಗೆ ಮದುವೆಯಾಯಿತು. ನಾನು ಹಲಸೂರಿನಲ್ಲಿ ಹುಟ್ಟಿ ಬೆಳೆದವಳು, ಅವರು ಕಲಬುರಗಿ ಕಡೆಯವರು. ಈಗ ಕೆ.ಆರ್. ಪುರದಲ್ಲಿ ಬಾಡಿಗೆಗಿದ್ದೇವೆ.

ಫೋನ್ ಮಾಡಿದವಳು ಚಿಕ್ಕ ಹುಡುಗಿ. "ಮೇಡಂ, ಅಲ್ಲಿ ಹಾಡು ಬರೆಯೋರು ಇದ್ದಾರಾ?" ಎಂದಳು.

"ಇಲ್ಲಮ್ಮ, ರಾಂಗ್ ನಂಬರ್," ಎಂದು ಇಟ್ಟೆ.

ಅವಳು ಮತ್ತೆ ಮಾಡಿ ನನ್ನ ಗಂಡನ ಹೆಸರನ್ನು ಅಪ್ಪನ ಹೆಸರಿನ ಸಮೇತ ಹೇಳಿದಳು. ಕೆಲಸದ ಮೇಲಿದ್ದರೆ ಅವರು ಫೋನ್ ಎತ್ತುವುದಿಲ್ಲ. ಅದಕ್ಕೇ ನನ್ನ ನಂಬರ್ ಕೊಟ್ಟಿದ್ದರು. ಯಾರಿಗೂ ಗೊತ್ತಿಲ್ಲದ ಹಾಡುಗಾರರನ್ನು ಹುಡುಕುವ ಹೊಸ ಕಾರ್ಯಕ್ರಮವಂತೆ. ಮಾತೂ ರಾಗವೂ ಸ್ವಂತದ್ದಾಗಿರಬೇಕು, ಹಾಡುವುದೂ ಅವರೇ. ಇವರು ಮೊಬೈಲಿನಲ್ಲಿ ಹಾಡಿ ಕಳಿಸಿದ್ದು ಆಯ್ಕೆಯಾಗಿತ್ತು.

ಸಂಜೆ ಅವರು ಕೈಕಾಲು ತೊಳೆದು ಬಂದ ಮೇಲೆ ಕೇಳಿದೆ. "ಹಾಡು ಕಟ್ತೀರಂತೆ?"

"ಹೂಂ."

"ಯಾವಾಗಿಂದ?"

"ಸಣ್ಣಾಂವ ಇದ್ದಾಗಿಂದ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀ ಕೇಳೇ ಇಲ್ಲಲ್ಲ."

ಅದೂ ನಿಜವೇ. ಫ್ರಿಜ್ ರಿಪೇರಿ ಮಾಡುವ ಗಂಡನನ್ನು ಹಾಡು ಕಟ್ಟುತ್ತೀರಾ ಎಂದು ಯಾರೂ ಕೇಳುವುದಿಲ್ಲ. ಕಳಿಸಿದ ಹಾಡು ಯಾವುದು ಅಂದರೆ, "ಅಲ್ಲೇ ಕೇಳುವಂತಿ," ಅಂದರು.

ಮುಂದಿನ ವಾರ ಟಿವಿಯವರು ಕ್ಯಾಮೆರಾ ಹಿಡಿದು ಮನೆಗೆ ಬಂದರು. ಫೋನ್ ಮಾಡಿದ್ದ ಹುಡುಗಿಯೇ ಮುಂದೆ ನಿಂತು ಎಲ್ಲ ನಡೆಸುತ್ತಿದ್ದಳು. ನಮ್ಮ ಫ್ರಿಜ್ಜಿನಲ್ಲಿ ಏನೂ ತೊಂದರೆ ಇರಲಿಲ್ಲ. ಆದರೂ ಕ್ಯಾಮೆರಾಗೋಸ್ಕರ ನನ್ನ ಗಂಡ ಅದನ್ನು ಬಿಚ್ಚಿ ಜೋಡಿಸಿ, ಮತ್ತೆ ಬಿಚ್ಚಬೇಕಾಯಿತು. ಆಮೇಲೆ ಅವಳು ನನ್ನನ್ನು ಕೂರಿಸಿ ಕೇಳಿದಳು. "ನಿಮ್ಮ ಲೈಫಲ್ಲಿ ಕಷ್ಟ ಏನಾದ್ರೂ ಇದ್ಯಾ ಮೇಡಂ?"

ಯೋಚನೆ ಮಾಡಿ, "ನೀರು ದಿನ ಬಿಟ್ಟು ದಿನ ಬರುತ್ತೆ," ಎಂದೆ.

"ಅದಕ್ಕಿಂತ ಸ್ವಲ್ಪ ದೊಡ್ಡದು?"

"ಸದ್ಯಕ್ಕಿಲ್ಲ."

ಅವಳಿಗೆ ಬೇಜಾರಾಯಿತು. ನನಗೂ ಪಾಪ ಅನ್ನಿಸಿತು. ಒಳಗೆ ಹೋಗಿ ಟೀ ಮಾಡಿ ತಂದೆ.

ಶೂಟಿಂಗ್ ನಡೆದದ್ದು ದೊಡ್ಡನೆಕ್ಕುಂದಿಯಲ್ಲಿ, ಹಿಂದೆ ಕಾರ್ಖಾನೆಯಾಗಿದ್ದ ಒಂದು ಶೆಡ್ಡಿನಲ್ಲಿ. ಒಳಗೆ ಬಣ್ಣಬಣ್ಣದ ದೀಪಗಳು, ಮೂವರು ತೀರ್ಪುಗಾರರು, ಚಪ್ಪಾಳೆ ತಟ್ಟಲೆಂದೇ ಕರೆತಂದ ಜನ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಎಸಿಯ ಗಾಳಿ ನೇರವಾಗಿ ಮುಖಕ್ಕೇ ಬೀಸುತ್ತಿತ್ತು. ನನ್ನ ಗಂಡ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದು, ಮೇಲಿನ ಎಸಿಯನ್ನೊಮ್ಮೆ ನೋಡಿ, ಹಾಡಲು ಶುರು ಮಾಡಿದರು.

"ಮುಂಜಾನಿ ನನ್ನಾಕಿ ಮಾತಾಡಂಗಿಲ್ಲ,
ಹಾಲು ಉಕ್ಕಿದ್ರೂ ನನ್ನ ಕರಿಯಂಗಿಲ್ಲ,
ಬಾಗಲಾ ಹಾಕೋ ಸಪ್ಪಳದಾಗ ತಿಳಕೋಬೇಕು
ಇವತ್ತು ಬಿಸಿಲೋ, ಮೋಡಾನೋ."

ಜನ ನಕ್ಕರು. ಟಿವಿಯವರು ಹೇಳಿ ನಗಿಸಿದ ನಗು ಅದಲ್ಲ. ಹಾಡಿನಲ್ಲಿ ನಾನು ಚಪ್ಪಲಿ ಹುಡುಕುವುದಿತ್ತು, ಕನ್ನಡಿ ನೋಡದೆ ಬೊಟ್ಟಿಡುವುದಿತ್ತು, ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುವುದಿತ್ತು. ಇಷ್ಟನ್ನೆಲ್ಲ ಇವರು ಯಾವಾಗ ನೋಡಿದರು ಎಂದೇ ನನಗೆ ತಿಳಿಯಲಿಲ್ಲ. ಎದ್ದು ಹೋಗಬೇಕೋ, ಇನ್ನೊಂದು ಸಲ ಹಾಡಿ ಅನ್ನಬೇಕೋ ಗೊತ್ತಾಗಲಿಲ್ಲ.

ನಿರೂಪಕ ಮೈಕು ಹಿಡಿದು ನನ್ನ ಹತ್ತಿರ ಬಂದ. "ಮೇಡಂ, ಹಾಡಲ್ಲಿರೋದು ನೀವೇನಾ?"

"ನಾನೇ ಇರ್ಬೇಕು. ಬೇರೆ ಯಾರಾದ್ರೂ ಇದ್ರೆ ಮನೆಗೆ ಹೋಗಿ ವಿಚಾರಿಸ್ತೀನಿ."

ಮತ್ತೆ ನಗು. "ಬೆಳಗ್ಗೆ ಯಾಕೆ ಮಾತಾಡಲ್ಲ ನೀವು?"

ಅಷ್ಟು ಜನರ ಮುಂದೆ ಸುಳ್ಳು ಹೊಳೆಯಲಿಲ್ಲ. "ಅವ್ರು ಬೆಳಗ್ಗೆ ಏನೋ ಗುನುಗ್ತಾ ಇರ್ತಾರೆ. ನಾನು ಮಾತಾಡಿದ್ರೆ ನಿಂತ್ಹೋಗುತ್ತೆ," ಎಂದೆ. ಯಾವುದೋ ಸಿನಿಮಾ ಹಾಡಿರಬೇಕು ಎಂದುಕೊಂಡಿದ್ದೆ ಎಂದು ಸೇರಿಸಲು ಹೋದೆ. ಅಷ್ಟರಲ್ಲಿ ಮೈಕು ಮುಂದೆ ಹೋಗಿತ್ತು.

ವೇದಿಕೆಯ ಮೇಲೆ ನನ್ನ ಗಂಡ ತಲೆ ತಗ್ಗಿಸಿ ಶರ್ಟಿನ ಗುಂಡಿ ಹಾಕುತ್ತಿದ್ದರು. ಅದು ಮೊದಲೇ ಹಾಕಿತ್ತು.

ಪ್ರಸಾರವಾದಾಗ ನನ್ನ ಆ ಮಾತು ಇರಲಿಲ್ಲ. ಅದರ ಜಾಗದಲ್ಲಿ ನಾನು ಕಣ್ಣೊರೆಸಿಕೊಳ್ಳುವುದನ್ನು ನಿಧಾನಗತಿಯಲ್ಲಿ ತೋರಿಸಿ ಹಿಂದೆ ಕೊಳಲು ನುಡಿಸಿದ್ದರು. ನಾನು ಒರೆಸಿಕೊಂಡದ್ದು ಎಸಿ ಗಾಳಿಗೆ ಸೀನಿದ ಮೇಲೆ. ಕ್ಲಿನಿಕ್ಕಿನಲ್ಲಿ ಹಲ್ಲುನೋವಿನವರೂ ಗುರುತು ಹಿಡಿದು, ಕೆನ್ನೆಗೆ ಕೈಯೊತ್ತಿಕೊಂಡೇ, "ಮಾತಾಡದೇ ಇರೋ ಮೇಡಂ ನೀವೇ ಅಲ್ವಾ?" ಎಂದು ಕೇಳುತ್ತಿದ್ದರು. ನಾನು ಮಾತಾಡದೆ ತಲೆಯಾಡಿಸುತ್ತಿದ್ದೆ.

ಎರಡನೇ ಸುತ್ತಿಗೆ ತಾಯಿಯ ಮೇಲೆ ಹಾಡು ಕಟ್ಟಿ ಎಂದರು. ನನ್ನ ಗಂಡ ಆ ಹುಡುಗಿಯನ್ನು ಕೇಳಿದರು. "ನಮ್ಮವ್ವ ಭಾಳ ಬೈತಿದ್ಳು. ಅದನ್ನ ಹಾಡ್ಲೇನ್ರಿ?"

"ಸರ್, ಬೈಯೋ ತಾಯಿ ಬೇಡ. ಬೇರೆ ಥರ ಮಾಡಿ," ಎಂದಳು ಅವಳು.

ಅವರು ಬೇರೆ ಥರದ ತಾಯಿಯನ್ನು ಮಾಡಿದರು. ದೀಪ, ದೇವರು, ಕರುಣೆ ಎಲ್ಲ ಇತ್ತು. ನಮ್ಮತ್ತೆ ಮಾತ್ರ ಇರಲಿಲ್ಲ. ತೀರ್ಪುಗಾರರಲ್ಲಿ ಹಿರಿಯರೊಬ್ಬರು, "ಇದ್ರಲ್ಲಿ ನೀವೇ ಕಾಣಿಸ್ಲಿಲ್ಲ," ಎಂದರು. "ಖರೇ ಅದರಿ," ಎಂದು ಕೈಮುಗಿದು ಇವರು ಕೆಳಗಿಳಿದು ಬಂದರು. ಅಲ್ಲಿಗೆ ಇವರ ಸ್ಪರ್ಧೆ ಮುಗಿಯಿತು. ಆ ಹುಡುಗಿ ಮಾತ್ರ ಬಾಗಿಲವರೆಗೂ ಬಂದು ಸಾರಿ ಕೇಳಿದಳು.

ಮಧ್ಯಾಹ್ನದ ಬಸ್ಸಿನಲ್ಲಿ ವಾಪಸ್ಸು ಹೊರಟೆವು. ಅವರು ಕಿಟಕಿಯಾಚೆ ನೋಡುತ್ತಿದ್ದರು. ಬೇಜಾರಾಯ್ತಾ ಎಂದು ಕೇಳಿದೆ. "ಆಯ್ತು," ಅಂದರು.

"ಬೈಯೋ ಅಮ್ಮನ ಹಾಡು ಆಗ್ಲೇ ಕಟ್ಟಿದ್ರಾ?"

"ಕಟ್ಟೀನಿ."

"ಹಾಡಿ."

"ಇಲ್ಲೇ?"

"ಇಲ್ಲೇ."

ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತುಬಿಟ್ಟಿತ್ತು. ಅವರು ನನ್ನ ಕಿವಿಯ ಹತ್ತಿರ ಬಾಗಿ ಸಣ್ಣ ದನಿಯಲ್ಲಿ ಪೂರ್ತಿ ಹಾಡಿದರು. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹಾಡಿನಲ್ಲಿ ಅತ್ತೆ ಬಾಗಿಲಲ್ಲಿ ನಿಂತು ಇಡೀ ಓಣಿಗೆ ಕೇಳುವ ಹಾಗೆ ಬೈಯುತ್ತಿದ್ದರು.

"ಎರಡನೇ ಸಾಲು ಸರಿಯಾಗಿಲ್ಲ," ಎಂದೆ.

ಅವರು ನನ್ನ ಕಡೆ ಪೂರ್ತಿ ತಿರುಗಿ ಕೂತರು. "ಯಾಕ?"

"ಅತ್ತೆ ಅಷ್ಟು ಮೆತ್ತಗೆ ಯಾವತ್ತೂ ಬೈತಿರ್ಲಿಲ್ಲ."

ಅವರು ಇನ್ನೊಂದು ಸಾಲು ಹೇಳಿದರು. ಅದೂ ಸಾಲದು ಎಂದೆ. ಬಸ್ಸು ಮುಂದಕ್ಕೆ ಹೋಗುವ ಲಕ್ಷಣವೇ ಇರಲಿಲ್ಲ.