ಮೂಸಿ ನೋಡುತ್ತಿದ್ದ ಅತ್ತೆ

ನಮ್ಮತ್ತೆಯ ಮೂಗಿನ ತುದಿಗೆ ಸದಾ ಏನಾದರೂ ಅಂಟಿರುತ್ತಿತ್ತು: ಜೋಳದ ಹಿಟ್ಟು, ಅರಿಶಿನ, ಒಮ್ಮೊಮ್ಮೆ ಮೊಸರು. ಅವಳು ಅಪ್ಪನ ಅಕ್ಕ. ಮಸ್ಕಿಯ ಗಂಡನ ಮನೆ ಬಿಟ್ಟು ಸಿಂಧನೂರಿನ ನಮ್ಮ ಮನೆಗೆ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಹಾಲಿನ ಚರಿಗೆ, ಉಪ್ಪಿನಕಾಯಿ ಭರಣಿ, ನನ್ನ ಶಾಲೆಯ ನೀರಿನ ಬಾಟಲಿ, ಯಾವುದನ್ನೂ ಅವಳು ಮೂಸದೆ ಬಿಡುತ್ತಿರಲಿಲ್ಲ. ಅವಳು ಹ್ಞೂಂ ಅನ್ನುವವರೆಗೆ ನಾವು ತಟ್ಟೆಗೆ ಕೈ ಹಚ್ಚುವಂತಿರಲಿಲ್ಲ. ಕುಸುಬಿ ಎಣ್ಣೆಯನ್ನಂತೂ ಅಂಗೈಗೆ ಹಾಕಿಕೊಂಡು, ತಿಕ್ಕಿ, ಎರಡು ಸಲ ಮೂಸುತ್ತಿದ್ದಳು. ಈಗಲೂ ಗಾಣದ ಮುಂದೆ ಹಾದುಹೋದರೆ ನನಗೆ ಆ ಅಂಗೈ ನೆನಪಾಗುತ್ತದೆ.

ಅಡುಗೆ ಮಾಡುವವಳು ಅವ್ವ. ಹಿಂದೆ ನಿಂತು ಮೂಸುವವಳು ಗಂಡನ ಅಕ್ಕ. ತನ್ನ ಮೇಲೇ ಅನುಮಾನ ಎಂದು ಅವ್ವನಿಗೆ ಒಳಗೊಳಗೇ ಉರಿ. ಸಿಟ್ಟಿಗೆ ಪಾತ್ರೆ ಮುಚ್ಚಿಟ್ಟರೆ ಅತ್ತೆ ತೆರೆದು ಇನ್ನೊಮ್ಮೆ ಮೂಸುತ್ತಿದ್ದಳು. ನಾನು ಅವ್ವನ ಪಕ್ಷ. ಅತ್ತೆ ಕದ್ದು ತುಪ್ಪ ತಿನ್ನುತ್ತಾಳೆಂದು ಬಾಗಿಲ ಸಂದಿಯಿಂದ ಕಾಯುತ್ತಿದ್ದೆ, ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಅಪ್ಪನನ್ನು ಕೇಳಿದರೆ ಇರಲಿ ಬಿಡು ಎಂದು ಎದ್ದು ಹೋಗುತ್ತಿದ್ದ.

ಲಿಂಗಸುಗೂರಿನಲ್ಲಿ ಚಿಕ್ಕಮ್ಮನ ಮದುವೆ. ಪಂಕ್ತಿಯಲ್ಲಿ ನನ್ನ ಎಲೆಗೆ ಬಡಿಸಿದ ಬದನೆಕಾಯಿ ಪಲ್ಯವನ್ನು ಅತ್ತೆ ಬಗ್ಗಿ ಮೂಸಿದಳು. ಬಡಿಸುತ್ತಿದ್ದ ಸೋದರಮಾವ ಸೌಟು ಹಿಡಿದೇ ನಿಂತ. ಸಾಲಿನಲ್ಲಿದ್ದವರು ಕೈ ನಿಲ್ಲಿಸಿ ತಮ್ಮ ತಮ್ಮ ಎಲೆ ನೋಡಿಕೊಂಡರು.

ಮನೆಗೆ ಮರಳಿದ ಮೇಲೆ ಅವ್ವ ಮೊದಲ ಸಲ ಎದುರು ನಿಂತು ಕೇಳಿದಳು: "ನಾ ಏನ್ ವಿಷಾ ಹಾಕಾಕತ್ತೀನೇನ್ರಿ ನಿಮಗ?"

ಅತ್ತೆ ಗೋಡೆಗೆ ಒರಗಿ ಕೂತಳು. ಕೂತಲ್ಲಿಂದಲೇ ಹೇಳಿದಳು. ಮಸ್ಕಿಯಲ್ಲಿ ತನ್ನ ನಾಲ್ಕು ವರ್ಷದ ಮಗಳು ವಾಂತಿಭೇದಿಯಿಂದ ಸತ್ತಳೆಂದು ನಾವು ಕೇಳಿದ್ದು ಸುಳ್ಳು. ಹೊಲಕ್ಕೆ ಹೊಡೆದು ಉಳಿದ ಔಷಧಿಯನ್ನು ಮನೆಯಲ್ಲಿ ಯಾರೋ ಎಣ್ಣೆಯ ಬಾಟಲಿಗೆ ಸುರಿದಿಟ್ಟಿದ್ದರು. ಗೊತ್ತಿಲ್ಲದೆ ಅದನ್ನೇ ಮಂಡಾಳಿಗೆ, ಅಂದರೆ ಮಂಡಕ್ಕಿಗೆ, ಹಚ್ಚಿ ಮಗಳ ಮುಂದಿಟ್ಟವಳು ಅತ್ತೆ.

"ವಾಸನಿ ಬಂದಿತ್ತವ್ವಾ. ಗಡಿಬಿಡಿಯಾಗ ಲಕ್ಷ್ಯ ಕೊಡಲಿಲ್ಲ. ನಿನ್ನ ಮ್ಯಾಲ ಅನುಮಾನ ಇಲ್ಲ. ನನಗ ನನ್ನ ಮ್ಯಾಲ ಭರೋಸಾ ಇಲ್ಲ."

ಮರುದಿನದಿಂದ ಅವ್ವನೇ ಪಾತ್ರೆಯನ್ನು ಅವಳ ಮೂಗಿನ ಹತ್ತಿರ ಹಿಡಿಯತೊಡಗಿದಳು.

ಕರೋನಾ ವರ್ಷ ಮನೆಮಂದಿಗೆಲ್ಲ ಜ್ವರ ಬಂದು ಹೋಯಿತು. ಅತ್ತೆಗೆ ಮಾತ್ರ ಹೋದ ವಾಸನೆ ಮರಳಲಿಲ್ಲ. ಎರಡು ದಿನ ತಟ್ಟೆ ಮುಂದಿಟ್ಟುಕೊಂಡು ಕೂತಳು, ತುತ್ತು ಎತ್ತಲಿಲ್ಲ. ನಾನು ಮೂಸಿ ಹೇಳಿದರೆ ನಂಬಲಿಲ್ಲ. ಮೂರನೆಯ ದಿನ ಅವ್ವ ರೊಟ್ಟಿ, ಪುಂಡಿಪಲ್ಯ ತಂದು, ಮೊದಲ ತುತ್ತು ತಾನು ತಿಂದು, ಎದುರಿಗೆ ಕೂತಳು. ಅವ್ವನಿಗೆ ಏನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆ ಅತ್ತೆ ಉಂಡಳು. ಎರಡು ವರ್ಷ ದಿನಾ ಹೀಗೆಯೇ ನಡೆಯಿತು. ಒಂದು ಮಧ್ಯಾಹ್ನ ಅವ್ವ ತುತ್ತು ತಿನ್ನುವುದನ್ನು ಮರೆತಳು. ನೆನಪಾಗಿ ಓಡಿಬಂದರೆ ಅತ್ತೆ ಅರ್ಧ ಊಟ ಮುಗಿಸಿದ್ದಳು.

"ನೀ ಮಾಡೀದಿ. ಮತ್ತೇನು ನೋಡೂದು?" ಎಂದಳು.

ಅದಾಗಿ ತಿಂಗಳೊಳಗೆ ಅತ್ತೆ ತೀರಿಕೊಂಡಳು. ಮಗಳ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಅವ್ವ ಹಟ ಹಿಡಿದಳು, ಮಸ್ಕಿಗೆ ಒಯ್ದೆವು. ಆ ಜಾಗ ತೋರಿಸಲು ಗಂಡನ ಮನೆಯವರು ಹಿಂದೆಮುಂದೆ ನೋಡಿದರು. ಅವ್ವ ಅವರ ಕಟ್ಟೆಯ ಮೇಲೆ ಕೂತುಬಿಟ್ಟಳು. ತೋರಿಸುವವರೆಗೂ ಏಳಲಿಲ್ಲ.