ಮುಡಿ ಕೊಟ್ಟೆ ಅನ್ನಿ

ಕ್ಯಾನ್ಸರ್ ಆಪರೇಷನ್ ಆದಮೇಲೆ ಕೀಮೋಗೆ ಬಾರದವರಿಗೆ ಫೋನ್ ಮಾಡೋದು ಆಸ್ಪತ್ರೆಯಲ್ಲಿ ನನ್ನ ಕೆಲಸ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯೋ ಸರೋಜಮ್ಮ ಕೊನೆಗೂ ಊಟದ ಬಿಡುವಿನಲ್ಲಿ ಫೋನ್ ಎತ್ತಿ ಪಿಸುಗುಟ್ಟಿದರು.

"ಮಗಳ ಮದುವೆ ಮುಗೀಲಿ ಮೇಡಂ. ಕೂದಲು ಉದುರಿದ್ರೆ ಬೀಗರಿಗೆ ಗೊತ್ತಾಗುತ್ತೆ. ನಾಳೆ ಮಗಳಿಗೂ ಬರುತ್ತೆ ಅಂತ ಸಂಬಂಧಾನೇ ಬೇಡ ಅಂತಾರೆ."

ನನಗೆ ಪಿತ್ತ ನೆತ್ತಿಗೇರಿತು. "ಕಾಯಿಲೆ ಏನು ಮುಹೂರ್ತ ನೋಡ್ಕೊಂಡು ವಾಪಸ್ ಬರುತ್ತೇನ್ರೀ? ತಿರುಪತೀಲಿ ಮುಡಿ ಕೊಟ್ಟೆ ಅನ್ನಿ!"

"ಅದನ್ನೂ ಯೋಚ್ನೆ ಮಾಡಿದ್ದೆ. ವಾರ್ಡ್‌ನಲ್ಲಿ ಪಕ್ಕದ ಬೆಡ್‌ನವರಿಗೆ ಹುಬ್ಬೂ ಉದುರಿತ್ತು. ತಿರುಪತೀಲಿ ಹುಬ್ಬೂ ತಗೋತಾರಾ ಮೇಡಂ?"

ನನ್ನ ಸಿಟ್ಟು ಇಳಿಯಲಿಲ್ಲ, ಬೇರೆ ಕಡೆ ತಿರುಗಿತು.

ಸಂಜೆ ರೌಂಡ್ಸ್ ಮುಗಿಸಿದ ಡಾಕ್ಟರ್ ಕೇಳಿದರು, "ಯಾಕೆ ಬರ್ತಿಲ್ವಂತೆ? ತಿಳಿವಳಿಕೆ ಇಲ್ವಾ?"

"ಇಲ್ಲ ಸಾರ್," ಅಂದೆ. "ಬೀಗರಿಗೆ."