ಪೆನ್ಸಿಲಕ್ಕನವರ ವಹಿಯಲ್ಲಿ ನಲವತ್ತಮೂರು ಹೆಸರು

ನಗರಸಭೆಯೆಂಬ ದೊಡ್ಡ ಮನೆಯಲ್ಲಿ ಅಧ್ಯಕ್ಷರಾದವರ ಭಾವಚಿತ್ರ ಗೋಡೆಯ ಮೇಲೆ ಉಳಿಯುತ್ತದೆ, ಎಂಜಿನಿಯರರ ಹೆಸರು ಸೇತುವೆಯ ಕಲ್ಲಿನ ಮೇಲೆ ಉಳಿಯುತ್ತದೆ. ಆದರೆ ಊರಿನಲ್ಲಿ ಯಾರು ಯಾರು ಇದ್ದಾರೆಂದು ಬರೆದಿಡುವವರ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ನಿವಾಸಿ ದಾಖಲೆಯ ಕ್ಷೇತ್ರದಲ್ಲಿ ಮೂವತ್ತೆಂಟು ವರ್ಷ ಸೇವೆ ಸಲ್ಲಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ದಾಖಲೆಗಾರ್ತಿಯವರು ಅಂಥವರಲ್ಲಿ ಅಗ್ರಗಣ್ಯರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಪೆನ್ಸಿಲಕ್ಕ ಎಂದೇ ಕರೆಯುತ್ತೇವೆ. ಮೊದಮೊದಲು ಹಿಂದಿನಿಂದ, ಆಮೇಲೆ ಎದುರಿಗೇ. ಅವರ ಅಭಿನಂದನ ಸಂಪುಟದ ಸಂಪಾದಕ ಮಂಡಳಿಯವರು ನನಗೆ ಅವರ ಸಮಯಪಾಲನೆಯ ಬಗ್ಗೆ ಎರಡು ಪುಟ ಬರೆದುಕೊಡಬೇಕೆಂದು ಅಪ್ಪಣೆ ಮಾಡಿದ್ದಾರೆ. ಸಮಯದ ಬಗ್ಗೆಯೇ ಬರೆಯುತ್ತೇನೆ. ಅಕ್ಕನವರಷ್ಟು ನಿಧಾನವಾಗಿ ಕೆಲಸ ಮಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಹದಿನಾಲ್ಕು ವರ್ಷದ ಹಿಂದೆ ನಾನು ಸಹಾಯಕನಾಗಿ ಸೇರಿದಾಗ, ನೆಲಮಹಡಿಯ ಕೊನೆಯ ಕೋಣೆಯಲ್ಲಿ, ಆರನೆಯ ಕಿಟಕಿಯ ಹಿಂದೆ, ಮೊಣಕೈ ಉಜ್ಜಿ ಉಜ್ಜಿ ನುಣುಪಾದ ಮೇಜಿನ ಮುಂದೆ ಅವರು ಕುಳಿತಿದ್ದರು. ಕಾಗದಪತ್ರವಿಲ್ಲದೆ ಬಂದವರನ್ನು ವಹಿಗೆ ಸೇರಿಸುವ ಕ್ರಮವನ್ನು ಅವರು ಅಂದೇ ನನಗೆ ಹೇಳಿಕೊಟ್ಟರು. ಮುಖ ನೋಡಿ ಗುರುತು ಹೇಳುವ ಇಬ್ಬರು ಬೇಕು; ಆ ಇಬ್ಬರು ಸಹಿ ಮಾಡಿದ ಮೇಲೆ ಹೆಸರನ್ನು ಮೊದಲು ಪೆನ್ಸಿಲಿನಲ್ಲಿ ಬರೆದು, ಮನೆಗೆ ಹೋಗಿ ಪರಿಶೀಲಿಸಿ, ಆಮೇಲೆ ಶಾಯಿಯಲ್ಲಿ ತಿದ್ದಬೇಕು.

"ಒಬ್ಬರು ಸಾಕಾಗಲ್ವಾ ಅಕ್ಕಾ?" ಎಂದು ಕೇಳಿದ್ದೆ.

"ಒಬ್ಬರು ಹೇಳಿದ್ರೆ ಅದು ಬರೀ ಮಾತು ಕಣಪ್ಪ. ಇಬ್ಬರು ಹೇಳಿದ್ರೆ ದಾಖಲೆ," ಎಂದರು.

ನಾನು ಸೇರಿದ ಎರಡು ವರ್ಷಕ್ಕೆ ನಮ್ಮ ನಗರಸಭೆಯು ರಾಷ್ಟ್ರೀಯ ವಲಸೆ ಇಲಾಖೆಯೊಂದಿಗೆ ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿತು. ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಇಲಾಖೆಯ ಪ್ರತಿನಿಧಿಯೊಬ್ಬರು ಬರುವರು. ಸಾಕ್ಷಿಯ ಮೇಲೆ ದಾಖಲಾಗಿ ಪರಿಶೀಲನೆ ಮುಗಿದವರ, ಎಂದರೆ ಶಾಯಿಯಲ್ಲಿರುವವರ, ಪಟ್ಟಿಯ ಪ್ರತಿಯನ್ನು ಬೂದು ಲಕೋಟೆಯಲ್ಲಿ ಒಯ್ಯುವರು. ಬಹಳ ಸಭ್ಯರು. ಬಾಗಿಲಲ್ಲಿ ಬೂಟು ಒರೆಸಿಕೊಂಡೇ ಒಳಗೆ ಬರುತ್ತಿದ್ದರು, "ತೊಂದರೆ ಕೊಟ್ಟೆ, ಕ್ಷಮಿಸಿ," ಎನ್ನದೆ ಒಮ್ಮೆಯೂ ಹೋದವರಲ್ಲ. ಅವರಿಗೆ ಮೀಸೆಯಿದೆ ಎಂದು ಜವಾನ ಹೇಳುತ್ತಿದ್ದ, ಇಲ್ಲವೆಂದು ಬೆರಳಚ್ಚುಗಾರ್ತಿ ವಾದಿಸುತ್ತಿದ್ದಳು. ಬರುವವರು ಒಬ್ಬರೋ ಬೇರೆ ಬೇರೆಯವರೋ ಎಂಬುದು ಹನ್ನೆರಡು ವರ್ಷವಾದರೂ ನಮ್ಮಲ್ಲಿ ಇತ್ಯರ್ಥವಾಗಿಲ್ಲ. ನಾವು ಅವರನ್ನು ಗುರುವಾರದವರು ಎನ್ನುತ್ತೇವೆ.

ಒಪ್ಪಂದವಾದ ಆ ವಾರದಿಂದಲೇ ಅಕ್ಕನವರ ಪರಿಶೀಲನೆ ನಿಧಾನವಾಯಿತು. ಪೆನ್ಸಿಲಿನ ಹೆಸರಿಗೂ ನಲ್ಲಿಯ ನೀರು ಬರುತ್ತಿತ್ತು, ಶಾಲೆಯಲ್ಲಿ ಜಾಗ ಸಿಗುತ್ತಿತ್ತು. ಆದರೆ ಶಾಯಿಯಾಗದ ಹೆಸರು ಪಟ್ಟಿಗೆ ಹೋಗುವಂತಿರಲಿಲ್ಲ. ಗುರುವಾರದವರು ಕೇಳಿದರೆ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಉತ್ತರ. ಪರಿಶೀಲನೆಗೆ ಎಷ್ಟು ದಿನ ಎಂದು ಯಾವ ನಿಯಮವೂ ಹೇಳಿರಲಿಲ್ಲ. ಮೇಲಿನವರು ಗದರಿದರು, ಬಡ್ತಿ ತಡೆದರು, ಸಹೋದ್ಯೋಗಿಗಳು ಆಮೆಯೆಂದು ನಕ್ಕರು. ಅಕ್ಕನವರು ಪೆನ್ಸಿಲು ಚೂಪು ಮಾಡಿಕೊಂಡು "ತಾಳಿದವನು ಬಾಳಿಯಾನು," ಎನ್ನುತ್ತಿದ್ದರು. ಯಾರ ಬಾಳಿನ ಮಾತು ಅದು ಎಂದು ನಾನು ಯೋಚಿಸಲಿಲ್ಲ.

ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನವೂ ಕಚೇರಿ ಮುಗಿಸಿ ನೇರವಾಗಿ ಬಂದು, ನಾನು ಮನೆಗೆ ಹೋಗಿ ಸ್ನಾನ ಮಾಡಿ ಬರುವವರೆಗೆ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದವರು ಅವರು. ಆ ಋಣ ನನ್ನ ಮೇಲಿತ್ತು. ಎಂಟು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿಕೊಳ್ಳಲೆಂದು ಅವರು ಎರಡು ವಾರ ರಜೆ ಹಾಕಿದಾಗ, ಬರುವಷ್ಟರಲ್ಲಿ ಅವರ ಬಾಕಿ ಕೆಲಸವನ್ನೆಲ್ಲ ಮುಗಿಸಿಟ್ಟು ಆಶ್ಚರ್ಯಪಡಿಸಬೇಕೆಂದು ನಾನು ನಿಶ್ಚಯಿಸಿದೆ. ಪಟ್ಟಿ ಎಲ್ಲಿಗೆ ಹೋಗುತ್ತದೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಅಂಕಿಅಂಶಕ್ಕೆ ಎಂದು ಒಪ್ಪಂದದಲ್ಲಿ ಬರೆದಿತ್ತು, ನಾನು ಅದಕ್ಕಿಂತ ಹೆಚ್ಚು ಗೊತ್ತುಮಾಡಿಕೊಳ್ಳಲಿಲ್ಲ.

ಹಳೆಯ ಅಚ್ಚುಕೂಟದ ಹಿಂದಿನ ಓಣಿಯ ಹನ್ನೊಂದು ಮನೆಗಳಲ್ಲಿ ನಲವತ್ತಮೂರು ಪೆನ್ಸಿಲಿನ ಹೆಸರುಗಳಿದ್ದವು. ಒಂದೊಂದು ಮನೆಗೂ ಹೋದೆ. ವರ್ಷಗಳಿಂದ ಕಾದಿದ್ದವರು ಕುರ್ಚಿ ಒರೆಸಿ ಕೂರಿಸಿದರು, ಟೀ ಕೊಟ್ಟರು. ಕೊನೆಯ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ತೊಡೆಯ ಮೇಲೆ ಇಪ್ಪತ್ತು ದಿನದ ಮಗಳು; ರಜೆಗೆ ಮುಂಚೆ ಅಕ್ಕನವರು ತಾಯಿಯ ಎದುರಿಗೇ ಪೆನ್ಸಿಲಿನಲ್ಲಿ ಬರೆದ ಕೊನೆಯ ಹೆಸರು ಅವಳದು. ನನ್ನ ಅಂಗಿಯ ತೋಳಿನ ಗುಂಡಿ ನೇತಾಡುತ್ತಿದ್ದುದನ್ನು ನೋಡಿ, ನಾನು ಬೇಡವೆನ್ನುವಷ್ಟರಲ್ಲಿ ಹಸಿರು ದಾರದಿಂದ ಹೊಲಿದುಬಿಟ್ಟಳು.

"ಬಿಳಿ ದಾರ ಮುಗಿದಿದೆ, ಬೇಜಾರು ಮಾಡ್ಕೋಬೇಡಿ ಅಣ್ಣಾ," ಎಂದಳು. "ಮಗು ಹೆಸರೂ ಶಾಯೀಲಿ ಬರೀತೀರಲ್ವಾ?"

"ಇವತ್ತೇ ಬರೀತೀನಮ್ಮಾ," ಎಂದೆ.

ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಅಂದವಾಗಿ ಎಂದೂ ಬರೆದಿರಲಿಲ್ಲ. ಗುರುವಾರ ಮೂರಕ್ಕೆ ಲಕೋಟೆ ಹೋಯಿತು. ಅಂದು ಗುರುವಾರದವರು ಬಾಗಿಲಲ್ಲಿ ಒಂದು ಗಳಿಗೆ ನಿಂತು, "ಬಹಳ ಉಪಕಾರವಾಯಿತು," ಎಂದರು. ಹಾಗೆಂದು ಅವರು ಹಿಂದೆಂದೂ ಹೇಳಿದವರಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮನೆ ಮನೆಗೆ ದೃಢೀಕರಣದ ಚೀಟಿ ಹಂಚಲು ಓಣಿಗೆ ಹೋದೆ. ಒಳ್ಳೆಯ ಬಿಸಿಲಿತ್ತು. ಹನ್ನೊಂದು ಬಾಗಿಲುಗಳೂ ತೆರೆದಿದ್ದವು. ಹೊಸ್ತಿಲ ಹೊರಗೆ ಚಪ್ಪಲಿಗಳು ಜೋಡಿ ಜೋಡಿಯಾಗಿ, ದೊಡ್ಡವು ಚಿಕ್ಕವು, ಒಪ್ಪವಾಗಿ ಇದ್ದವು. ಒಂದು ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು, ಇನ್ನೊಂದರಲ್ಲಿ ರೇಡಿಯೋ ಹವಾಮಾನ ಓದುತ್ತಿತ್ತು, ಮೂರು ಮನೆಗಳಲ್ಲಿ ನಲ್ಲಿ ಸುರಿಯುತ್ತಿತ್ತು. ಮನುಷ್ಯರಿರಲಿಲ್ಲ. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ಒಂದು ಪುಟ್ಟ ಅಂಗಿ ಸಿಕ್ಕಿಕೊಂಡಿತ್ತು, ಅದರ ದಾರವೂ ಹಸಿರು. ನಾನು ಮನೆ ಮನೆಗೂ ಹೋಗಿ ನಲ್ಲಿಗಳನ್ನು ನಿಲ್ಲಿಸಿದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ. ಓಣಿಯ ತುದಿಯ ಅಂಗಡಿಯವನನ್ನು ಕೇಳಿದರೆ, "ಅಲ್ಲಿ ಯಾರಿದ್ರು ಸಾರ್?" ಎಂದು ನನ್ನನ್ನೇ ಕೇಳಿದ. ಹೆದರಿಕೆಯಿಂದ ಹಾಗಂದನೋ, ನಿಜವಾಗಿಯೂ ಮರೆತಿದ್ದನೋ, ಇಂದಿಗೂ ತಿಳಿಯದು.

ಅಕ್ಕನವರು ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಮರಳಿದ ದಿನ ವಹಿಯನ್ನು ತೆರೆದು, ನಲವತ್ತಮೂರು ಸಾಲುಗಳನ್ನೂ ಬೆರಳಿಟ್ಟು ಓದಿದರು.

"ಎಲ್ಲಾ ನೀನೇ ಬರೆದ್ಯಾ?"

"ಹೌದಕ್ಕಾ. ನಿಮಗೆ ಸಹಾಯ ಆಗ್ಲಿ ಅಂತ..."

ಅವರು ವಹಿಯನ್ನು ಮುಚ್ಚಿದರು. ಆಮೇಲೆ, "ಅಕ್ಷರ ಚೆನ್ನಾಗಿದೆ," ಎಂದರು. ಅಷ್ಟೇ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆ ಓಣಿಯವರ ನಂಟರು ಹುಡುಕಿಕೊಂಡು ಬಂದಾಗ ಕಿಟಕಿಯಲ್ಲಿ ನಿಂತು ಉತ್ತರ ಕೊಟ್ಟವರು ಅವರು, ಬೈಗುಳ ಕೇಳಿಸಿಕೊಂಡವರು ಅವರು. ನನ್ನ ಹೆಸರನ್ನು ಒಮ್ಮೆಯೂ ಹೊರಬಿಡದೆ ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು.

ಮುಂದಿನ ತಿಂಗಳು ನೀರಿನ ಮೀಟರು ಓದುವವನು ಬಂದು ಮೇಜಿನ ಮುಂದೆ ಕೈ ಹಿಸುಕುತ್ತಾ ನಿಂತ. "ಅಕ್ಕಾ, ಆ ಓಣಿ ಮೀಟರ್‌ಗಳು ಓಡ್ತಾ ಇವೆ. ಹನ್ನೊಂದೂ. ಮನೇಲಿ ಜನ ಇದ್ದಂಗೇ."

"ಎಲ್ಲಾದ್ರೂ ಸೋರ್ತಾ ಇರಬೇಕು," ಎಂದೆ ನಾನು. ನಲ್ಲಿಗಳನ್ನು ನಿಲ್ಲಿಸಿದವನು ನಾನೇ.

"ಓಡಿದಷ್ಟು ಬರ್ಕೋ," ಎಂದರು ಅಕ್ಕ. ಆ ಕೊಳವೆಗಳನ್ನು ಎರಡು ಸಲ ಅಗೆದು ನೋಡಿದರೂ ಸೋರಿಕೆ ಸಿಕ್ಕಿಲ್ಲ. ಹನ್ನೊಂದನೆಯ ಮನೆಯ ಮೀಟರು ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚು ಓಡುತ್ತಿದೆ, ಮನೆಯಲ್ಲಿ ಮಗು ಬೆಳೆದರೆ ಎಷ್ಟು ಹೆಚ್ಚಾಗುವುದೋ ಅಷ್ಟು.

ಅದೇ ತಿಂಗಳಿಂದ ಅಕ್ಕನವರು ಪ್ರತಿ ಗುರುವಾರ ಇಲಾಖೆಗೆ ಒಂದು ಪತ್ರ ಬರೆಯತೊಡಗಿದರು: ನಮ್ಮ ವಹಿಯ ಈ ನಲವತ್ತಮೂರು ನಿವಾಸಿಗಳು ಈಗ ಎಲ್ಲಿದ್ದಾರೆ, ದಯವಿಟ್ಟು ತಿಳಿಸುವುದು. ನಿಧಾನಕ್ಕೆ ಹೆಸರಾದವರು ಈ ಕೆಲಸದಲ್ಲಿ ಒಂದು ವಾರವೂ ತಪ್ಪಲಿಲ್ಲ; ಸಂಪಾದಕ ಮಂಡಳಿ ಕೇಳಿದ ಸಮಯಪಾಲನೆ ಇದೇ. ಏಳು ವರ್ಷ ಉತ್ತರ ಬರಲಿಲ್ಲ. ಹೋದ ವರ್ಷ ಒಂದು ಸಾಲು ಬಂದಿತು: ಸದರಿ ಹೆಸರಿನ ಯಾವ ವ್ಯಕ್ತಿಗಳೂ ಈ ದೇಶದಲ್ಲಿ ಎಂದೂ ಇದ್ದ ದಾಖಲೆಯಿಲ್ಲ.

ಅದನ್ನು ಓದಿ ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅಕ್ಕನವರು ವಹಿಯನ್ನು ನನ್ನ ಕಡೆಗೆ ತಿರುಗಿಸಿದರು.

"ಇಲ್ನೋಡು. ನನ್ನ ಪೆನ್ಸಿಲಾಗಿದ್ರೆ ಇಷ್ಟೊತ್ತಿಗೆ ಯಾರಾದ್ರೂ ಅಳಿಸಿಬಿಡೋರು. ಅವರು ಇದ್ರು ಅನ್ನೋದಕ್ಕೆ ಈಗ ಉಳಿದಿರೋದು ನಿನ್ನ ಶಾಯಿ ಒಂದೇ. ಕಣ್ಣು ಒರೆಸ್ಕೊ, ಪುಟ ಒದ್ದೆ ಆಗುತ್ತೆ."

ಅಕ್ಕನವರ ನಿವೃತ್ತಿಯ ಆದೇಶದ ಜೊತೆಗೇ ಇನ್ನೊಂದು ಆದೇಶವೂ ಬಂದಿದೆ: ಇಲ್ಲದ ವ್ಯಕ್ತಿಗಳ ನಲವತ್ತಮೂರು ನಮೂದುಗಳನ್ನು ಹೊಡೆದುಹಾಕಿ, ದಾಖಲೆಗಾರರು ಸಹಿ ಮಾಡತಕ್ಕದ್ದು. ಅಕ್ಕನವರು ಸಹಿ ಮಾಡಲಿಲ್ಲ. ಮುಂದಿನ ತಿಂಗಳಿಂದ ಆ ಕುರ್ಚಿಯಲ್ಲಿ ಕೂರುವವನು ನಾನು. ಗುರುವಾರದವರು ಮೊನ್ನೆ ಬಂದಾಗ ಬೂಟು ಒರೆಸಿಕೊಂಡು, ನಾನು ಇನ್ನೂ ಉಳಿಸಿಕೊಂಡಿರುವ ಆ ಅಂಗಿಯ ತೋಳಿನ ಹಸಿರು ದಾರದ ಗುಂಡಿಯನ್ನೇ ಕ್ಷಣಕಾಲ ನೋಡಿ, "ಆ ಸಹಿ ಯಾವಾಗ ಆಗುತ್ತೆ?" ಎಂದು ವಿನಯದಿಂದ ಕೇಳಿದರು.

"ಪರಿಶೀಲನೆಯಲ್ಲಿದೆ," ಎಂದೆ.

ಪೂಜ್ಯ ಅಕ್ಕನವರೇ, ಇಂಥ ಸಂಪುಟಗಳಲ್ಲಿ ಹಿರಿಯರಿಗೆ ವಿಶ್ರಾಂತಿಯನ್ನು ಹಾರೈಸುವುದು ವಾಡಿಕೆ. ನಾನು ಹಾರೈಸಲಾರೆ. ನಿಮ್ಮ ಹೊಸ ಕಣ್ಣುಗಳು ನೂರು ವರ್ಷ ಮಂಜಾಗದಿರಲಿ, ನಿಮ್ಮ ನೆನಪು ಒಂದು ಮುಖವನ್ನೂ ಬಿಟ್ಟುಕೊಡದಿರಲಿ, ಗುರುವಾರದ ಪತ್ರವನ್ನು ಇನ್ನು ನಾನು ಬರೆದರೂ ಓದಿ ತಿದ್ದಲು ನೀವಿರಿ. ಆ ಓಣಿಯ ಮಗಳು ಎಂದಾದರೂ ಒಂದು ದಿನ ಆರನೆಯ ಕಿಟಕಿಗೆ ಬಂದು ತನ್ನ ಹೆಸರು ಕೇಳಿದರೆ, ಅವಳ ತಾಯಿಯನ್ನು ಕಂಡವನು ನಾನೊಬ್ಬ ಇರುತ್ತೇನೆ. ಸಾಕ್ಷಿಗೆ ಇಬ್ಬರು ಬೇಕು. ದಯವಿಟ್ಟು ಬದುಕಿರಿ.